ನೀಲಮ್ಮತ್ತಿಯ ಕೆನ್ನೆಯ ಅದಾಲತ್ತು

ನಮ್ಮ ಮನೆಯ ಕೂಸುಗಳ ಮೈಗೆ ತಾಕಬೇಕಾದ ವಸ್ತು ಯಾವುದೇ ಇರಲಿ, ಮೊದಲು ನೀಲಮ್ಮತ್ತಿಯ ಬಲಗೆನ್ನೆಯ ಮುಂದೆ ಹಾಜರಾಗಬೇಕಿತ್ತು. ಎಣ್ಣೆ, ಕಡಲೆಹಿಟ್ಟು, ಹಾಸುವ ಬಟ್ಟೆ, ಸೊಂಟದ ದಾರ, ಎಲ್ಲವನ್ನೂ ಕೆನ್ನೆಗೆ ತಿಕ್ಕಿಕೊಂಡು, ಉರಿಯುತ್ತದೋ ಗೀರುತ್ತದೋ ಎಂದು ಕಣ್ಣು ಕಿರಿದು ಮಾಡಿ ಕೂಡುತ್ತಿದ್ದಳು. ನಿಜಾಮರ ಸರಕಾರದಲ್ಲಿ ಒಂದು ಕಚೇರಿಯ ಮೇಲೆ ಇನ್ನೊಂದು ಕಚೇರಿ ಇರುತ್ತಿತ್ತು. ಈ ಅದಾಲತ್ತಿನ ಮೇಲೆ ಮಾತ್ರ ಯಾವುದೂ ಇರಲಿಲ್ಲ.

ಅವಳು ಅಪ್ಪನ ಅಕ್ಕ. ಕಮಲಾಪುರಕ್ಕೆ ಕೊಟ್ಟಿತ್ತು. ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ಕೂಸು ಹುಟ್ಟಿತೆಂದರೆ ಬಂಡಿ ಕಟ್ಟಿಸಿಕೊಂಡು ಬರುವಳು. ಮೊದಲ ಎಣ್ಣೆ ಅವಳ ಕೈಯಿಂದಲೇ. ಅದು ಅವಳ ಜಹಗೀರು.

ನನ್ನ ತಂಗಿ ಹುಟ್ಟಿದಾಗ ಚಿಕ್ಕಪ್ಪ ಹೈದರಾಬಾದಿನಿಂದ ಗುಲಾಬಿ ಬಣ್ಣದ ಸಾಬೂನು ತಂದ. ಅತ್ತಿ ಅದನ್ನು ಹಾವಿನ ಮರಿಯಂತೆ ತುದಿಬೆರಳಲ್ಲಿ ಹಿಡಿದಳು.

"ಇಷ್ಟ್ಯಾಕ ಘಮಘಮ ಅಂತದೋ ಇದು? ಒಳಗ ಏನರ ಮುಚ್ಚಿಡ್ಲಾಕತ್ತದ."

"ಅಕ್ಕಾ, ದೊಡ್ಡ ದೊಡ್ಡ ನವಾಬರು ಇದರಿಂದ ಮಾರಿ ತೊಳ್ಕೋತಾರ!"

"ನವಾಬರ ಮಾರಿ ದಪ್ಪ ಚರ್ಮದ್ದು. ಕೂಸಿಂದು ಹಾಂಗಲ್ಲ."

ಸಾಬೂನು ಕೆನ್ನೆಯ ಮೇಲೆ ಚುರುಗುಟ್ಟಿತು. ಆಮೇಲೆ ಅದರಿಂದ ಚಿಕ್ಕಪ್ಪನ ಧೋತರ ಒಗೆಯಲಾಯಿತು. ಗಾಜಿಪುರದಲ್ಲಿ ಅಷ್ಟು ಪರಿಮಳದ ಧೋತರ ಮತ್ತೊಂದಿರಲಿಲ್ಲ.

ಅದೇ ವಾರ ತಂಗಿಯ ಕುತ್ತಿಗೆಗೆ ಕೆಂಪು ಗುಳ್ಳೆ ಎದ್ದವು. ಅತ್ತಿ ಊಟ ಬಿಟ್ಟು ತನಿಖೆಗಿಳಿದಳು. ಗಾಣದವನು ಎಣ್ಣೆಗೆ ಬೆರಕೆ ಮಾಡಿದ್ದಾನೆಂದಳು. ನೆರೆಮನೆಯ ಬಾನು ಖಾಲಾ ಕೂಸಿಗೆ ಹಾಸಲು ಕೊಟ್ಟಿದ್ದ ಹಳೆಯ ಮಲ್ಮಲ್ ಬಟ್ಟೆ ಹಿಡಿದು ಅವರ ಬಾಗಿಲಿಗೇ ಹೋದಳು.

"ಇದನ್ನ ಯಾತರಾಗ ಒಗದೀರಿ? ಖರೇ ಹೇಳ್ರಿ."

"ತೋಬಾ! ನನ್ನ ಮಕ್ಕಳೆಲ್ಲಾ ಇದರಾಗೇ ಬೆಳದಾರ ನೀಲಮ್ಮಾ. ಮೊದಲ ನಿಮ್ಮ ಕುಂಚಿಗಿ ನೋಡ್ಕೋರಿ!"

ತಲೆಗೆ ಕಟ್ಟಿ ಕುತ್ತಿಗೆಯವರೆಗೆ ಇಳಿಬಿಡುವ ಆ ಕುಂಚಿಗೆಯನ್ನು ಅತ್ತಿಯೇ ಹೊಲಿದು ತಂದಿದ್ದಳು, ಅಂಚಿಗೆಲ್ಲ ಜರಿ ಇಟ್ಟು. ಸ್ವಂತ ಮಾಲು ಎಂದು ಅದೊಂದಕ್ಕೆ ವಿಚಾರಣೆ ಆಗಿರಲಿಲ್ಲ. ಈಗ ತಿಕ್ಕಿಕೊಂಡಳು, ಜರಿ ಕೆನ್ನೆಯನ್ನು ಕೆಂಪಗೆ ಗೀರಿತು. ಅದನ್ನು ಕಿತ್ತೆಸೆದು ಮತ್ತೆ ಖಾಲಾನ ಬಾಗಿಲಿಗೆ ಹೋದಳು. "ಕಳ್ಳ ನಮ್ಮ ಮನ್ಯಾಗೇ ಸಿಕ್ಕ್ಯಾನ್ರಿ" ಎಂದಷ್ಟೇ ಹೇಳಿ ಬಂದಳು. ಅಂದಿನಿಂದ ಅವಳು ಸಂಶಯಪಡುವ ಜನರಲ್ಲಿ ತಾನೂ ಒಬ್ಬಳಾದಳು.

ಅವಳನ್ನು ಕೊನೆಯ ಸಲ ಕಂಡದ್ದು ನನ್ನ ಮಗ ಹುಟ್ಟಿದ ವರ್ಷ. ಬಂಡಿ ಹತ್ತುವ ಶಕ್ತಿ ಅವಳಿಗಿರಲಿಲ್ಲ. ಜಹಗೀರು ತಪ್ಪಬಾರದೆಂದು, ಯಾರೂ ಎಣ್ಣೆ ಮುಟ್ಟಿಸದೆ ಕೂಸನ್ನೇ ಕಮಲಾಪುರಕ್ಕೆ ಒಯ್ದೆವು. ದಾರಿ ನೋಡುತ್ತ ಹೊಸ್ತಿಲಲ್ಲೇ ಕೂತಿದ್ದಳು. ಎಣ್ಣೆಯನ್ನು ಕೆನ್ನೆಗೆ ಹಚ್ಚಿಕೊಂಡು ಒಪ್ಪಿದಳು. ಆಮೇಲೆ ತನ್ನ ಅಂಗೈಯನ್ನೇ ಕೆನ್ನೆಗೆ ಒತ್ತಿಕೊಂಡಳು. ಬಾಳೆತೋಟದಲ್ಲಿ ದುಡಿದು ಸೀಳುಬಿಟ್ಟ ಕೈ ಅದು.

"ಈ ಕೈ ಬ್ಯಾಡ. ಕೂಸಿಗಿ ಗೀರ್ತದ. ನೀನೇ ಹಚ್ಚವ್ವಾ" ಎಂದು ಬಟ್ಟಲನ್ನು ನನ್ನ ಹೆಂಡತಿಯ ಕಡೆ ಸರಿಸಿ, ಗೋಡೆಯತ್ತ ಮುಖ ಮಾಡಿದಳು.

ನಾನು ಏನೋ ಹೇಳಹೋದೆ. ಆ ಅದಾಲತ್ತಿನಲ್ಲಿ ಮೇಲ್ಮನವಿಗೆ ಜಾಗವಿಲ್ಲವೆಂದು ನೆನಪಾಗಿ ಬಟ್ಟಲನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಎಣ್ಣೆ ಹಚ್ಚಿದಳು. ನಂತರ ಕೂಸನ್ನು ಎತ್ತಿ, ಅದರ ಅಂಗಾಲನ್ನು ಅತ್ತಿಯ ಬಲಗೆನ್ನೆಗೆ ಆನಿಸಿದಳು.

ಅತ್ತಿ ಕಣ್ಣು ಮುಚ್ಚಿ ಆ ಅಂಗಾಲನ್ನು ಕೆನ್ನೆಗೆ ಮೆಲ್ಲಗೆ ತಿಕ್ಕಿಕೊಂಡಳು. ಕಣ್ಣು ತೆರೆದು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದಳು.

"ಇಷ್ಟು ಮೆತ್ತಗ ಹ್ಯಾಂಗದ? ಖರೇ ಹೇಳ್ರಿ, ನನಗ ತಿಳೀದಂಗ ಏನ್ ಹಚ್ಚೀರಿ?"