ಸೀಟಿ ಹೊಡೆಯದ ಕುಕ್ಕರ್

ಮಸಗುಪ್ಪಿಗೆ ಹೋಗಿ ಭರಮವ್ವನ ಮನೆ ಯಾವುದೆಂದು ಕೇಳಿದರೆ ಜನ ಯೋಚನೆಗೆ ಬೀಳುತ್ತಾರೆ. ಆ ಹೆಸರಿನವರು ಓಣಿಗೊಬ್ಬರಿದ್ದಾರೆ. "ಹಲ್ಲು ಮುರಿದ ಭರಮವ್ವ" ಅಂದರೆ ಮಾತ್ರ ಸಣ್ಣ ಮಕ್ಕಳು ಕೂಡ ಕೈಹಿಡಿದು ಬಾಗಿಲ ತನಕ ಬಿಟ್ಟು ಬರುತ್ತವೆ. ನೋಡಿದರೆ ಆಕೆಯ ಬಾಯಲ್ಲಿ ಹಲ್ಲುಗಳೆಲ್ಲ ಗಟ್ಟಿಮುಟ್ಟಾಗಿವೆ. ಮುರಿದದ್ದು ಆಕೆಯದಲ್ಲ, ಗಂಡನ ಅಕ್ಕನ ಗಂಡ ಖಂಡೆಪ್ಪನದು.

ಆದದ್ದಿಷ್ಟು. ಮೊಮ್ಮಗನ ಕೂದಲು ತೆಗೆಸುವ ಜಾವಳದ ಕಾರ್ಯಕ್ಕೆ ಗಂಡ ಮಾಳಪ್ಪ ತನ್ನ ಹಿಂಡಿನ ಮುದಿ ಟಗರೊಂದನ್ನು ಕೊಯ್ಯಿಸಿದ. ಆ ಟಗರು ಬದುಕಿದ್ದಾಗ ಯಾರ ಮಾತನ್ನೂ ಕೇಳಿರಲಿಲ್ಲ, ಸತ್ತ ಮೇಲೆ ಬೆಂಕಿಯ ಮಾತನ್ನೂ ಕೇಳಲಿಲ್ಲ. ಭರಮವ್ವ ಒಲೆಗೆ ಕಟ್ಟಿಗೆ ಒಡ್ಡಿಯೇ ಒಡ್ಡಿದಳು. ಹಸಿದ ಮಂದಿ ತಾಟು ಬಡಿಯತೊಡಗಿದಾಗ ಬೇರೆ ದಾರಿಯಿಲ್ಲದೆ ಬಡಿಸಿದಳು. ಪಂಕ್ತಿಯ ಮೊದಲ ಜಾಗ ಖಂಡೆಪ್ಪನದು. ಮೊದಲ ತುಣುಕು ಕಚ್ಚಿದ್ದೇ ಅವನ ಮುಂದಿನ ಹಲ್ಲು ಟಣ್ಣನೆ ತಾಟಿಗೆ ಬಿತ್ತು. ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಮಾಳಪ್ಪನ ನಾಲಿಗೆ ಸುಮ್ಮನಿರಬೇಕಲ್ಲ!

"ಮಾವಾ, ಅದು ನಿಂದೋ ಟಗರಿಂದೋ? ನೋಡಿ ಹೇಳ!"

ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. ಖಂಡೆಪ್ಪ ಕೈತೊಳೆದು, ಹೆಂಡತಿ ಲಗಮವ್ವನನ್ನು ಎಬ್ಬಿಸಿಕೊಂಡು, ಹಿಡಕಲ್ ಕಡೆಯ ತನ್ನ ಊರಿನ ಹಾದಿ ಹಿಡಿದವನು ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ಹೆಂಡತಿಯನ್ನೂ ಕಳಿಸಲಿಲ್ಲ. ಪಂಚಮಿಗಳು ಬಂದು ಹೋದವು, ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಜೀಕಿದರು. ಲಗಮವ್ವ ಮಾತ್ರ ಹೊಲದ ಬದುವಿನಲ್ಲಿ ನಿಂತು ಕದ್ದು ಫೋನ್ ಮಾಡುತ್ತಿದ್ದಳು.

"ಭರಮವ್ವಾ, ನಮ್ಮವ್ವನ ಮನ್ಯಾಗ ಒಂದ ರಾತ್ರಿ ಮಲಕ್ಕೊಂಡ ಏಳಬೇಕಂತ ಜೀವ ತುಡೀತೈತಿ ನೋಡ."

ಆ ಮಾತು ಕೇಳಿದಾಗಲೆಲ್ಲ ಭರಮವ್ವ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನಕ್ಕವನು ಗಂಡ. ಆದರೆ ಮಾಂಸ ಬೇಯಿಸಲಾರದೆ ಹೋದವಳು ತಾನಲ್ಲವೇ?

ಮೊನ್ನೆ ಲಗಮವ್ವನ ಮಗಳ ಮದುವೆ ಗೊತ್ತಾಯಿತು. ಸೋದರಮಾವನಿಗೆ ಲಗ್ನಪತ್ರಿಕೆಯನ್ನು ಕೈಯಾರೆ ಕೊಡದೆ ಗತಿಯಿಲ್ಲ. "ಐತಾರ ಬರತೇವಿ," ಎಂದಳು ಲಗಮವ್ವ ಫೋನಿನಲ್ಲಿ. "ಆದ್ರ ಇವ್ರು ಕಟ್ಟಿ ಮ್ಯಾಲ ಕುಂತು, ಪತ್ರಿಕಿ ಕೊಟ್ಟು, ಹಂಗ ಹೊಳ್ಳೂದು ಅನ್ನಾಕತ್ತಾರ."

ಭರಮವ್ವ ಸೊಸೆಯ ಮುಂದೆ ಕೂತಳು. "ದೀಪಾ, ಏನರ ಮಾಡ. ಈ ಸರತಿ ಮಾಂಸ ತುಟೀಲೇ ತಿನ್ನುವಂಗ ಆಗಬೇಕು."

ದೀಪಾ ಅಟ್ಟದ ಮೇಲಿಂದ ಒಂದು ಡಬ್ಬಿ ಇಳಿಸಿದಳು. ಗೋಕಾಕದ ಪಾತ್ರೆ ಅಂಗಡಿಯವನು, ಯಾರೂ ಕೊಳ್ಳದ ಸಾಮಾನನ್ನೆಲ್ಲ ದೀಪಾವಳಿಯ ಲಕ್ಕಿ ಡ್ರಾಗೆ ಇಟ್ಟಿದ್ದಾಗ ಆಕೆಗೆ ಬಂದ ಬಹುಮಾನ ಅದು. ಒಳಗೆ ಕರೆಂಟಿನಿಂದ ಕಾಯುವ, ದಪ್ಪ ಪಿಂಗಾಣಿಯ ಪಾತ್ರೆ.

"ಇದಕ್ಕ ಸ್ಲೋ ಕುಕ್ಕರ್ ಅಂತಾರ್ರಿ ಅತ್ತಿ. ಮುದಿ ಟಗರನೂ ಬೆಣ್ಣಿ ಮಾಡತೈತಂತ."

ಸೊಸೆ ಇನ್ನೂ ಏನೇನೋ ಹೇಳಿದಳು. ಭರಮವ್ವನ ತಲೆಯಲ್ಲಿ ಉಳಿದದ್ದು ಒಂದೇ ಮಾತು: ಕುಕ್ಕರ್.

ಭಾನುವಾರ ದೀಪಾ ಬೆಳಿಗ್ಗೆಯೇ ಮಾಂಸದ ತುಂಡುಗಳನ್ನು ಹಂಚಿನ ಮೇಲೆ ಕೆಂಪಗೆ ಹುರಿದಳು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಕೊಬ್ಬರಿ, ಮಸಾಲೆ ಖಾರ ಎಲ್ಲ ಅರೆದು ಹಚ್ಚಿ, ಪಿಂಗಾಣಿ ಪಾತ್ರೆಯಲ್ಲಿ ಜೋಡಿಸಿ, "ಬಟನ್ ಒತ್ತಿಬಿಡ್ರಿ ಅತ್ತಿ," ಎಂದು ಜೋಳದ ಚೀಲ ಹೊತ್ತು ಗಿರಣಿಗೆ ಹೋದಳು. ಭರಮವ್ವ ಒತ್ತಲಿಲ್ಲ. ಬೀಗರು ಬಂದು ಕೂತ ಮೇಲೆ ಕುಕ್ಕರ್ ಹಚ್ಚಬೇಕು, ಮಾತು ಮುಗಿಯುವುದಕ್ಕೂ ಸೀಟಿ ಆಗುವುದಕ್ಕೂ ಸರಿಹೋಗಬೇಕು, ಬಿಸಿಬಿಸಿ ಬಡಿಸಬೇಕು. ಇದು ಗೊತ್ತಿಲ್ಲದ ಹೆಣ್ಣುಮಗಳು ಯಾರಿದ್ದಾಳೆ?

ಗಿರಣಿಯಲ್ಲಿ ಪಾಳಿ ಉದ್ದವಿತ್ತು. ಬಸ್ಸಿನ ಹಾರ್ನ್ ಕೇಳಿದ ಮೇಲೆಯೇ ಭರಮವ್ವ ಬಟನ್ ಒತ್ತಿ ಹೊರಗೆ ಬಂದಳು.

ಖಂಡೆಪ್ಪ ಕಟ್ಟೆಯ ಮೇಲೆ ಕೂತವನು ಒಳಗೆ ಬರಲಿಲ್ಲ. ಕುಂಕುಮ ಹಚ್ಚಿದ ಪತ್ರಿಕೆಯನ್ನು ಮಾಳಪ್ಪನ ಕೈಗಿಟ್ಟ. "ಬರ್ರಿ ಲಗ್ನಕ್ಕ," ಎಂದವನೇ ಎದ್ದ. ಅಡಿಗೆಮನೆಯ ತನಕ ಹೋಗಿದ್ದ ಲಗಮವ್ವ ಅಲ್ಲಿಂದಲೇ ಮುಖ ಸಣ್ಣದು ಮಾಡಿದಳು.

ಭರಮವ್ವ ಅಡ್ಡ ಬಂದಳು. "ಅಣ್ಣಾರ, ಕುಕ್ಕರ್ ಹಚ್ಚೇನ್ರಿ. ಒಲಿ ಏರಿದ ಮಾಂಸಕ್ಕ ಬೆನ್ನ ತೋರಿಸಿ ಹೊಂಟ್ರ ಹೆಂಗ್ರಿ?"

ಹಾಗೆ ಹೋಗಬಾರದೆಂಬುದು ಅವರ ಮನೆತನಗಳಲ್ಲಿ ನಡೆದು ಬಂದ ರೀತಿ. ಖಂಡೆಪ್ಪ ಮೂಗು ಏರಿಸಿ ಮಸಾಲೆಯ ವಾಸನೆ ಹಿಡಿದ.

"ಆತು. ಬೀರಪ್ಪನ ಆಣಿ, ಮೂರು ಸೀಟಿ ಆಗೂತನಕ ಕುಂದರತೇನಿ. ಮೂರನೇದ್ದಕ್ಕ ಎರಡ ತುತ್ತು ಉಂಡು ಎದ್ದೆ. ಅದಕ್ಕಿಂತ ಮೊದಲ ಈ ಮನಿ ಅನ್ನ ಮುಟ್ಟಂಗಿಲ್ಲ."

ಭರಮವ್ವ ಒಳಗೆ ಬರುವಷ್ಟರಲ್ಲಿ ದೀಪಾ ಹಿತ್ತಿಲ ಬಾಗಿಲಿಂದ ಬಂದು ಹಿಟ್ಟಿನ ಚೀಲ ಇಳಿಸಿ, ಪಾತ್ರೆ ಮುಟ್ಟಿ ನೋಡಿ, ಹಣೆ ಬಡಿದುಕೊಂಡಳು.

"ಅತ್ತಿ, ಈಗ ಹಚ್ಚಿದ್ರ್ಯಾ? ಇದು ಬೇಯಾಕ ಸಂಜಿ ಆಕ್ಕೈತ್ರಿ!"

"ಮೂರ ಸೀಟಿಗೆ ಆಗೂದಿಲ್ಲೇನ?"

"ಇದು ಸೀಟಿ ಹೊಡಿಯೂದ ಇಲ್ರಿ."

ದೀಪಾ ಬಟನ್ ಕಡೆಗೆ ಕೈ ಚಾಚಿದಳು. "ಜೋರ ಇಡಲ್ರಿ? ಅರ್ಧ ಹೊತ್ತಿನಾಗ ಆಕ್ಕೈತಿ."

ಭರಮವ್ವ ಕಟ್ಟೆಯ ಕಡೆ ನೋಡಿದಳು. ಆಣೆ ಹಾಕಿದವನು ಕಂಬಕ್ಕೆ ಒರಗಿ ಕೂತಿದ್ದ. ನಾದಿನಿಯ ಕಡೆ ನೋಡಿದಳು. ಆಮೇಲೆ ಸೊಸೆಯ ಕೈ ಹಿಡಿದಳು.

"ಬ್ಯಾಡವ್ವಾ. ಸಾವಕಾಶ ಬೇಯಲಿ."

ಸಾವಕಾಶ ಅಂದರೆ ಎಷ್ಟು ಸಾವಕಾಶ! ಕಟ್ಟೆಯ ಮೇಲೆ ಬಿಸಿಲು ಬಂತು, ಖಂಡೆಪ್ಪ ಬಾಗಿಲಿಗೆ ಸರಿದ. ಬಾಗಿಲಿಗೂ ಬಿಸಿಲು ಬಂತು, ಪಡಸಾಲೆಗೆ ಬಂದು ಕೂತ. ಚಹಾ ಅನ್ನವಲ್ಲ ಎಂದು ಚಹಾ ಕುಡಿದ. ಚುರಮರಿಯೂ ಅನ್ನವಲ್ಲ ಎಂದು ಅದನ್ನೂ ಮುಗಿಸಿದ.

"ಎಷ್ಟ ಸೀಟಿ ಆದವು?"

"ಇನ್ನೂ ಒಂದೂ ಇಲ್ರಿ ಅಣ್ಣಾರ."

"ವಾಶರ್ ಹೋಗಿರಬೇಕ ನೋಡ."

ಒಮ್ಮೆ ಸುಯ್ಯೆಂದು ಸೀಟಿ ಕೇಳಿತು. ಖಂಡೆಪ್ಪ ನೆಟ್ಟಗೆ ಕೂತು ಬೆರಳೆತ್ತಿದ. "ಒಂದು!"

"ಅದು ಬಾಜೂ ಮನೀದ್ರಿ. ಅವರು ಶರಣರು, ಬ್ಯಾಳಿ ಇಟ್ಟಾರ."

ಬೇಳೆಯ ಸೀಟಿ ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಬೆರಳು ಮಡಚಿದ.

ಮಾಳಪ್ಪ ಕುರಿದಡ್ಡಿಯ ಹತ್ತಿರ ಕೆಲಸವಿರುವವನಂತೆ ಸುತ್ತುತ್ತಿದ್ದ. ಭರಮವ್ವ ಅಲ್ಲಿಗೇ ಹೋದಳು. "ನಕ್ಕವ್ರು ನೀವು, ಹೆಸರ ಕೆಟ್ಟದ್ದು ನಂದು. ಹೋಗಿ ಮಾತಾಡ್ರಿ!"

ಮಾಳಪ್ಪ ಬಂದು ಮಾವನ ಎದುರು ಕೂತು ಚಾಪೆಯ ಎಳೆ ಕಿತ್ತ. "ಮಾವಾ, ಅವತ್ತ ನಾ ನಗಬಾರದಿತ್ತು."

"ನೀ ನಕ್ಕದ್ದಕ್ಕ ಯಾರಿಗಪಾ ಸಿಟ್ಟು?" ಎಂದ ಖಂಡೆಪ್ಪ. "ನಿಮ್ಮಕ್ಕ ನಕ್ಕಳೋ! ಸೆರಗ ಬಾಯಾಗ ತುರುಕ್ಕೊಂಡ ನಕ್ಕಳು. ಅದು ನನಗ ತಡೀಲಿಲ್ಲ."

ಒಳಗಿಂದ ಲಗಮವ್ವನ ದನಿ ಬಂತು: "ಹಲ್ಲ ಬಿದ್ದ ಮ್ಯಾಲೂ ಅದನ್ನ ಹುಡುಕಿ ಕಿಸೆದಾಗ ಇಟಗೊಂಡ್ರಿ! ನಗದ ಏನ ಮಾಡಲಿ?"

ಅದಾದ ಮೇಲೆ ಪಡಸಾಲೆಯಲ್ಲಿ ಮಾತಿಗೆ ಬರವಿರಲಿಲ್ಲ. ಮರಿಗಳ ಕಾಲುಬೇನೆಯಿಂದ ಮದುವೆಯ ಪೆಂಡಾಲಿನವರೆಗೆ ಎಲ್ಲ ಬಂತು. ಇತ್ತ ಮನೆಯೊಳಗೆ ವಾಸನೆ ಹಬ್ಬುತ್ತಲೇ ಹೋಯಿತು. ಖಂಡೆಪ್ಪ ಮಾತಿನ ನಡುವೆ ಉಗುಳು ನುಂಗತೊಡಗಿದ. ಅವರ ಊರಿಗೆ ಹೋಗಲು ಹಿಡಿಯಬೇಕಿದ್ದ ಗೋಕಾಕದ ಬಸ್ಸು ಬಂತು, ಹೋಯಿತು. ಯಾರೂ ಆ ಮಾತೆತ್ತಲಿಲ್ಲ.

ಹೊತ್ತು ಮುಳುಗುವಾಗ ಭರಮವ್ವ ಮುಚ್ಚಳ ತೆಗೆದು ಸೌಟು ತಾಗಿಸಿದಳು. ಮಾಂಸ ಎಲುಬಿನಿಂದ ತಾನಾಗಿಯೇ ಜಾರಿತು. ತಾಟು ಬಂತು, ರೊಟ್ಟಿ ಬಂತು. ಖಂಡೆಪ್ಪ ಮಾತ್ರ ಕೈ ಹಿಂದಕ್ಕೆ ಕಟ್ಟಿ ಕೂತ.

"ಆಣಿ ಐತಿ. ಸೀಟಿ ಆಗದ ಹೆಂಗ ಉಣ್ಣಲಿ?"

ಭರಮವ್ವ ಸೆರಗು ಸರಿ ಮಾಡಿಕೊಂಡಳು. ಇನ್ನು ಮುಚ್ಚಿಡುವಂತಿರಲಿಲ್ಲ. "ತಪ್ಪ ತಿಳೀಬ್ಯಾಡ್ರಿ ಅಣ್ಣಾರ. ಈ ಕುಕ್ಕರ್ ಸೀಟಿ ಹೊಡಿಯೂದಿಲ್ಲ. ನನಗ ಮುಂಜಾನಿನ ಗೊತ್ತಾತು. ಅಕ್ಕ ಒಂದ ರಾತ್ರಿ ತವರಾಗ ಇರಲಿ ಅಂತ ಸುಮ್ಮನಾದೆ."

ಖಂಡೆಪ್ಪನ ಮೀಸೆ ಅಲುಗಿತು. ಅದು ಸಿಟ್ಟಿಗೋ ಹಸಿವೆಗೋ ಯಾರಿಗೂ ತಿಳಿಯಲಿಲ್ಲ. ಆಗ ಮಾಳಪ್ಪ ಎರಡು ಬೆರಳು ಬಾಯಿಗಿಟ್ಟು, ಕುರಿ ಕರೆಯುವ ಸೀಟಿಯನ್ನು ಮೂರು ಸಲ ಊದಿದ. ದಡ್ಡಿಯ ಕುರಿಗಳೆಲ್ಲ ಬ್ಯಾ ಎಂದು ಒಮ್ಮೆಲೇ ಎದ್ದವು. ಖಂಡೆಪ್ಪ ಹಲ್ಲು ಕಚ್ಚಿ ತಡೆಯಲು ನೋಡಿದ, ಕಚ್ಚಲು ಮುಂದಿನ ಹಲ್ಲೇ ಇಲ್ಲ. ಬಾಯಿ ತೆರೆದು ನಕ್ಕ. ನಕ್ಕು ತಾಟಿಗೆ ಕೈ ಹಾಕಿದ.

ಎರಡು ತುತ್ತೆಂದವನು ಎಷ್ಟು ಉಂಡನೆಂದು ಯಾರೂ ಎಣಿಸಲಿಲ್ಲ. ಆದರೂ ಪಾತ್ರೆಯಲ್ಲಿ ಅರ್ಧ ಉಳಿಯಿತು. ದೀಪಾ ಅದನ್ನು ಫ್ರಿಜ್ಜಿನಲ್ಲಿಟ್ಟಳು.

ಬೆಳಗಾದಾಗ ಖಂಡೆಪ್ಪ ಪತ್ರಿಕೆಯ ಚೀಲ ಹೆಗಲಿಗೆ ಹಾಕಿಕೊಂಡು, ಫ್ರಿಜ್ಜಿನ ಮುಂದೆ ನಿಂತ.

"ಇವತ್ತ ಸೋಮವಾರ. ಮಾಂಸ ಮುಟ್ಟಂಗಿಲ್ಲ," ಎಂದ ಬೇಸರದಿಂದ. "ಹಂಗ ಬಿಟ್ಟ ಹ್ವಾದ್ರ ನಾಳೆ ಇವರ ತಿಂತಾರ. ಮೂಡಲಗಿ ಕಡಿ ಪತ್ರಿಕಿ ಇಲ್ಲಿಂದನ ಹಂಚೂಣು. ನಾಳೆ ಉಂಡು ಹೋಗೂಣು."

ಹಾಸಿಗೆ ಮಡಚುತ್ತಿದ್ದ ಲಗಮವ್ವ ತಲೆಯೆತ್ತಲಿಲ್ಲ. "ನಾಳೆ ಮಂಗಳವಾರ. ನನಗ ಎಲ್ಲವ್ವನ ವಾರ ಐತ್ರಿ."

ಎಲ್ಲವ್ವನಿಗೆ ಆಕೆ ವಾರ ಹಿಡಿದದ್ದನ್ನು ಭರಮವ್ವ ಇವತ್ತಿನವರೆಗೆ ಕೇಳಿರಲಿಲ್ಲ. ನಾದಿನಿಯ ಮುಖ ನೋಡಿದಳು, ಮಡಚಿದ ಹಾಸಿಗೆಯನ್ನು ಎತ್ತಿ ಮೂಲೆಯಲ್ಲಿ ಕೈಗೆ ಸಿಗುವ ಹಾಗೆ ಇಟ್ಟಳು.

"ಹಂಗಾರ ಬುಧವಾರ," ಎಂದು ಖಂಡೆಪ್ಪ ಚೀಲವನ್ನು ಗೂಟಕ್ಕೆ ಹಾಕಿದ.