ಕರೆಂಟ್ ಚಪ್ಪಲಿ

ಇವತ್ತು ಗೀಸರ್ ಸರ್ವಿಸ್‌ಗೆ ಬಂದವನು, "ಅರ್ಥಿಂಗ್ ಸರಿಯಿಲ್ಲ ಮೇಡಂ, ಸರಿ ಮಾಡಿಸೋವರೆಗೂ ಆನ್ ಮಾಡ್ಬೇಡಿ" ಎಂದ.

ನಾನು ಚಿಕ್ಕವಳಿದ್ದಾಗ ಪೀಣ್ಯದ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ, ನೀರು ಕಾಯಿಸಲು ಬಕೆಟ್ಟಿಗೆ ಇಳಿಬಿಡುವ ಕರೆಂಟ್ ಕಾಯಿಲ್ ಇತ್ತು. ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅಪ್ಪ, ಎರಡೇ ತೂತಿನ ಸಾಕೆಟ್ಟಿಗೆ ಕೂರಲಿಲ್ಲವೆಂದು ಅದರ ಪ್ಲಗ್ಗಿನ ಮೂರನೇ ಪಿನ್, ಶಾಕ್ ಹೊಡೆಯದಂತೆ ಕಾಯುವ ಅರ್ಥಿಂಗ್ ಪಿನ್, ಮುರಿದಿದ್ದರು. "ರಬ್ಬರ್ ಚಪ್ಪಲಿ ಹಾಕ್ಕೊಂಡ್ ಮುಟ್ಟು, ಏನೂ ಆಗಲ್ಲ" ಎಂದು ಅಮ್ಮನಿಗೆ ಹೇಳಿದ್ದರು. ಬಚ್ಚಲ ಬಾಗಿಲಲ್ಲಿದ್ದ ಆ ನೀಲಿ ಜೋಡಿಗೆ ಕರೆಂಟ್ ಚಪ್ಪಲಿ ಎಂದೇ ಹೆಸರು.

ಒಂದು ಬೆಳಗ್ಗೆ ಅದನ್ನೇ ಮೆಟ್ಟಿಕೊಂಡು ನಾನು ಹಾಲು ತರಲು ಹೋದೆ. ವಾಪಸ್ ಬಂದಾಗ ಅಮ್ಮ ಬಚ್ಚಲಲ್ಲಿ ಬರಿಗಾಲಲ್ಲಿ ಬಿದ್ದಿದ್ದಳು. ಮತ್ತೆ ಏಳಲಿಲ್ಲ. ಅಪ್ಪ ನನ್ನ ಕಾಲನ್ನೇ ನೋಡಿ, "ಚಪ್ಪಲಿ ನೀನ್ಯಾಕೆ ಹಾಕ್ಕೊಂಡ್ ಹೋದೆ?" ಎಂದರು. ಬಂದವರಿಗೂ ಅದನ್ನೇ ಹೇಳಿದರು. ಪಿನ್ನಿನ ಮಾತು ಎತ್ತಲೇ ಇಲ್ಲ.

ಇವತ್ತು ಸೋಫಾದ ಮೇಲೆ ಕೂತಿದ್ದ ಅಪ್ಪ, "ಅರ್ಥಿಂಗ್ ಇಲ್ದೆ ಮುಟ್ಲೇಬಾರ್ದು ಕಣಮ್ಮ" ಎಂದು ನನಗೆ ಬುದ್ಧಿ ಹೇಳಿದರು.