ಅಮಾವಾಸ್ಯೆಗೆ ಏರುವ ನೀರು

ಘತ್ತರಗಿಯ ಗೌರಾಬಾಯಿಯನ್ನು ನಾನು ಮೊದಲು ನೋಡಿದ್ದು, ಆಕೆಯನ್ನು ಕೆಲಸದಿಂದ ತೆಗೆಯುವ ಕಾಗದ ಜೇಬಿನಲ್ಲಿಟ್ಟುಕೊಂಡು. ೧೯೯೩ರ ಫೆಬ್ರುವರಿ. ಆಗ ನಾನು ನದಿ ನೀರು ಅಳೆಯುವ ಕಚೇರಿಯಲ್ಲಿ ಹೊಸ ಇಂಜಿನಿಯರ್. ತಿಳಿದದ್ದು ಕಡಿಮೆ, ಗತ್ತು ಹೆಚ್ಚು.

ಗಂಡ ತೀರಿಕೊಂಡ ಮೇಲೆ ಆತನ ಕೆಲಸ ಗೌರಾಬಾಯಿಗೆ ಬಂದಿತ್ತು. ಹತ್ತೊಂಬತ್ತು ವರ್ಷ, ದಿನಕ್ಕೆ ಎರಡು ಹೊತ್ತು, ಸೀರೆ ಎತ್ತಿ ಕಟ್ಟಿ ಭೀಮೆಗೆ ಇಳಿಯುವುದು, ನೀರಲ್ಲಿ ನಿಲ್ಲಿಸಿದ ಅಳತೆಪಟ್ಟಿ ನೋಡಿ ವಹಿಯಲ್ಲಿ ಬರೆಯುವುದು. ಜ್ವರ ಬಂದಾಗಲೂ ತಪ್ಪಿಸಿದವಳಲ್ಲ. ಹಿಂದಿನ ದೀಪಾವಳಿಗೆ ಕಚೇರಿ ದಂಡೆಯ ಮೇಲಿನ ಕೋಣೆಯಲ್ಲಿ ತಾನೇ ಅಳೆದು ಬರೆದುಕೊಳ್ಳುವ ಯಂತ್ರ ಕೂರಿಸಿತು. ನೀರೊಳಗೆ ಸೆನ್ಸರ್, ಅದರ ತಂತಿ ದಂಡೆಯ ಕಬ್ಬಿಣದ ಕಂಬಕ್ಕೆ ಬಂದು, ಬುಡದ ಡಬ್ಬಿಯಲ್ಲಿ ಜೋಡಣೆಯಾಗಿ, ಯಂತ್ರಕ್ಕೆ ಹೋಗುತ್ತಿತ್ತು. ತಂತಿಯಲ್ಲಿ ಕರೆಂಟು ಹೆಚ್ಚಾದಷ್ಟೂ ಯಂತ್ರ ನೀರು ಹೆಚ್ಚೆಂದು ಬರೆಯುತ್ತಿತ್ತು.

ಕೆಲವು ದಿನ ಯಂತ್ರದ ಅಂಕಿಗೂ ವಹಿಯ ಅಂಕಿಗೂ ಮುಕ್ಕಾಲು ಮೀಟರ್ ವ್ಯತ್ಯಾಸ ಬಂತು. ಬಾಯಿ ಮನೆಯಲ್ಲೇ ಕೂತು ಬರೆಯುತ್ತಾಳೆ ಎಂದರು ನಮ್ಮ ಸಾಹೇಬರು. ನಾನೂ ತಲೆಯಾಡಿಸಿದೆ. ಈ ಮಾತು ನಿಜವೆಂದಾದರೆ ಕೆಲಸವಷ್ಟೇ ಅಲ್ಲ, ಆಕೆಯ ಹತ್ತೊಂಬತ್ತು ವರ್ಷದ ವಹಿಗಳೂ ರದ್ದಿಗೆ ಹೋಗುತ್ತಿದ್ದವು.

ಕಾಗದ ಓದಿ ಹೇಳಿದೆ. ಆಕೆ ಅಳಲಿಲ್ಲ, ಸಿಟ್ಟಾದಳು.

"ನೀರು ಅಷ್ಟು ಮ್ಯಾಲ ಬಂದಿದ್ರ ನನ್ನ ಸೀರಿ ಸೊಂಟದ ತನಕ ತೊಯ್ತಿತ್ರಿ ಸಾಹೇಬ್ರ. ಮಳಿ ಇಲ್ಲ, ಮೋಡ ಇಲ್ಲ. ನಿಮ್ಮ ಪೆಟ್ಟಿಗಿ ಅಮಾಸಿಗೇ ಯಾಕ ಏರ್ತದ, ಅದನ್ನ ಮೊದಲ ಹೇಳ್ರಿ."

ವಹಿ ತೆರೆದಿಟ್ಟಳು. ಅಂಚಿನಲ್ಲಿ ಅಮಾವಾಸ್ಯೆಗಳ ಗುರುತಿತ್ತು. ಯಂತ್ರದ ಕಾಗದ ಪಕ್ಕಕ್ಕಿಟ್ಟು ನೋಡಿದೆ. ಪ್ರತಿ ತಿಂಗಳೂ ಅಂದೇ ಅಂಕಿ ಏರಿತ್ತು, ಮೂರನೆಯ ದಿನಕ್ಕೆ ಇಳಿದಿತ್ತು. ನಿನ್ನೆಯಷ್ಟೇ ಅಮಾವಾಸ್ಯೆ ಆಗಿತ್ತು.

"ಸೇರಿನ ಮ್ಯಾಲ ಅನುಮಾನ ಬಂದ್ರ ನಾವು ಮೊದಲೇ ಅಳೆದಿಟ್ಟ ಜ್ವಾಳ ಹಾಕಿ ನೋಡ್ತೇವ್ರಿ. ಇದಕ್ಕೂ ಹಂಗ ನೋಡಾಕ ಬರಂಗಿಲ್ಲೇನು?"

ಅದು ನನಗೆ ಹೊಳೆಯಬೇಕಾದ ಮಾತು. ನಾಚಿಕೆಯಾಯಿತು. ಆಕೆಯ ಟಾರ್ಚಿನ ಒಂದು ಸೆಲ್ಲನ್ನು ನನ್ನ ವೋಲ್ಟ್‌ಮೀಟರಿನಲ್ಲಿ ಅಳೆದೆ: ಒಂದೂವರೆ ವೋಲ್ಟ್. ತಂತಿ ಕಳಚಿ, ಯಂತ್ರವನ್ನು ವೋಲ್ಟ್ ತೋರಿಸುವಂತೆ ತಿರುಗಿಸಿ, ಸೆಲ್ಲನ್ನೇ ಅದಕ್ಕೆ ಕೊಟ್ಟೆ. ಒಂದೂವರೆಯೇ ತೋರಿಸಿತು. ಯಂತ್ರ ನೆಟ್ಟಗಿತ್ತು, ದೋಷ ಅದಕ್ಕೆ ಬರುವ ದಾರಿಯಲ್ಲಿತ್ತು. ಯಂತ್ರವನ್ನು ಮೊದಲಿನಂತೆ ತಿರುಗಿಸಿ, ತಂತಿ ಮತ್ತೆ ಹಚ್ಚಿ ಕಂಬದ ಕಡೆ ಇಳಿದೆವು.

ಕಂಬದ ಮೈತುಂಬ ಕುಂಕುಮ, ಬುಡದಲ್ಲಿ ಕಾಯಿಯ ಚಿಪ್ಪಿನ ರಾಶಿ. ಅಮಾವಾಸ್ಯೆಗೆ ಊರಿನ ದೇವಿ ಭಾಗ್ಯವಂತಿಯ ದರ್ಶನಕ್ಕೆ ಬಂದು ಹೊಳೆಯಲ್ಲಿ ಮಿಂದ ಮಂದಿ, ದಂಡೆಯಲ್ಲಿ ಹೊಸದಾಗಿ ನೆಟ್ಟ ಕಂಬವನ್ನು ಸುಮ್ಮನೆ ಬಿಟ್ಟಾರೆಯೇ? ಒಬ್ಬರು ಕುಂಕುಮ ಹಚ್ಚಿದ್ದಾರೆ, ಅವರ ಹಿಂದೆ ಬಂದವರು ಕಾಯಿ ಒಡೆದಿದ್ದಾರೆ. ಡಬ್ಬಿಯೊಳಗೆ ತಂತಿಯ ಜೋಡಣೆ ಇರುವುದು ಗೌರಾಬಾಯಿಗೆ ಗೊತ್ತಿರಲಿಲ್ಲ. ಅದರ ಮೇಲೆ ಕಾಯಿ ಒಡೆಯುವುದು ನನಗೆ ಗೊತ್ತಿರಲಿಲ್ಲ.

ಡಬ್ಬಿ ತೆರೆದರೆ ಒಳಗೆಲ್ಲ ಅಂಟಂಟು ತೇವ. ಸೆನ್ಸರಿನ ತಂತಿಯನ್ನು ಪೂರ್ತಿ ಬಿಡಿಸಿದೆ. ಈಗ ಯಂತ್ರ ಏನೂ ತೋರಿಸಬಾರದು. ನೋಡಲು ಗೌರಾಬಾಯಿ ಮೇಲೆ ಹೋದಳು.

"ಇನ್ನೂ ತೋರಸಾಕತ್ತದ್ರಿ," ಎಂದು ಕೂಗಿದಳು. "ಮುಕ್ಕಾಲು ಮೀಟರ್."

ನದಿಯ ಸಂಬಂಧವೇ ಇಲ್ಲದೆ ಕಾಯಿಯ ನೀರೇ ತಂತಿಗಳ ನಡುವೆ ಕರೆಂಟು ಹರಿಸಿ ಮುಕ್ಕಾಲು ಮೀಟರ್ ಸುಳ್ಳು ಹೇಳುತ್ತಿತ್ತು. ಡಬ್ಬಿ ತೊಳೆದು, ಒರೆಸಿ, ಬಿಸಿಲಿಗೆ ಒಣಗಿಸಿ, ತಂತಿ ಜೋಡಿಸಿದೆ. ನಾನು ಯಂತ್ರದ ಮುಂದೆ ನಿಂತೆ, ಆಕೆ ಹೊಳೆಗೆ ಇಳಿದಳು.

"ಒಂದು ಮೀಟರ್ ಮೂವತ್ತೆರಡು," ಎಂದಳು ನೀರಿನಿಂದ.

ಯಂತ್ರದಲ್ಲೂ ಒಂದು ಮೀಟರ್ ಮೂವತ್ತೆರಡೇ. ನನಗೆ ಕುಣಿಯುವಷ್ಟು ಖುಷಿಯಾಯಿತು. ಆಕೆ ಮಾತ್ರ ಸೀರೆಯ ಅಂಚು ಹಿಂಡುತ್ತ ಬಂದು, "ಬರೀರಿ. ಇವತ್ತಿಂದಷ್ಟ ಅಲ್ಲ, ಹತ್ತೊಂಬತ್ತು ವರ್ಷದ್ದೂ ಖರೆ ಅಂತ ಬರೀರಿ," ಎಂದಳು. ಅಲ್ಲೇ ಕೂತು ಬರೆದೆ, ಎರಡು ಸಲ ಓದಿಸಿಕೊಂಡಳು.

ಡಬ್ಬಿಯನ್ನು ಕೋಣೆಯ ಗೋಡೆಯ ಮೇಲೆ ಎತ್ತರದಲ್ಲಿ ಕೂರಿಸಿದೆವು. ಕಾಯಿ ಒಡೆಯಲು ಗೌರಾಬಾಯಿ ದೂರದಲ್ಲಿ ಒಂದು ಹಾಸುಗಲ್ಲು ಹಾಕಿಸಿದಳು. ಇನ್ನು ಮೇಲೆ ವಹಿಯೊಂದಿಗೆ ತಾಳೆಯಾಗದ ಯಂತ್ರದ ಅಂಕಿ ಒಪ್ಪತಕ್ಕದ್ದಲ್ಲ ಎಂದು ಕಚೇರಿ ಆದೇಶ ಹೊರಡಿಸಿತು. ಮುಂದಿನ ತಿಂಗಳ ಅಂಕಿಗಳ ಕಾಗದ ಸಾಹೇಬರ ಮೇಜಿಗೆ ಬಂದಾಗ ಅದರ ಕೆಳಗೆ ಪೆನ್ಸಿಲಿನ ದಪ್ಪ ಅಕ್ಷರ: "ಯಂತ್ರ ಖರೆ ಬರೆದಿದೆ. ನಾನು ನೋಡಿದ್ದೇನೆ. ಗೌರಾಬಾಯಿ."

ಸಾಹೇಬರು ಅದರ ಕೆಳಗೆ ತಮ್ಮ ಸಹಿ ಹಾಕಿದರು.